ಪೇಟಿ ಮಾಸ್ತರರ ಎರಡು ಹೆಚ್ಚಿನ ಬೆರಳು

ಇದನ್ನು ಹೇಳಿಬಿಡಬೇಕೆಂದು ನಾನು ನಿಶ್ಚಯಿಸಿ ಎರಡು ವರ್ಷ ಆಯಿತು. ಹೇಳದೆ ಇರುವುದಕ್ಕೆ ಪ್ರತಿ ಸಲವೂ ಒಂದೊಂದು ಒಳ್ಳೆಯ ಕಾರಣ ಸಿಗುತ್ತಿತ್ತು. ಮೊದಲು ಮದುವೆ ಸೀಸನ್ ಬಂತು. ಆಮೇಲೆ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಒಂದೇ ಕಣ್ಣು ಕಾಣುವಾಗ ತಪ್ಪು ಒಪ್ಪಿಕೊಂಡರೆ ಅರ್ಧ ತಪ್ಪು ಉಳಿದುಹೋದೀತು ಎಂದು ಎಡಗಣ್ಣಿನ ಆಪರೇಷನ್ ಆಗುವವರೆಗೆ ಕಾದೆ. ಈಗ ಎರಡೂ ಕಣ್ಣು ಚೊಕ್ಕಟವಾಗಿ ಕಾಣುತ್ತಿವೆ. ಕಾರಣಗಳು ಮುಗಿದಿವೆ. ಹೆಂಡತಿಯಂತೂ, "ಬರೀರಿ, ಇಲ್ಲಾಂದ್ರ ಬಾಯಿ ಮುಚ್ಕೊಂಡು ಉಣ್ಣರಿ, ತಾಟಿನ ಮುಂದ ಕೂತು ನಿಟ್ಟುಸಿರು ಬಿಡಬ್ಯಾಡ್ರಿ, ಸಾರು ಆರತೈತಿ" ಎಂದು ಹೇಳಿಬಿಟ್ಟಿದ್ದಾಳೆ.

ನಾನು ದಾಂಡೇಲಿಯಲ್ಲಿ ನಲವತ್ತು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವವನು. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಯಾಮರಾ ಹಿಡಿದೆ. ನನ್ನ ಗಿರಾಕಿಗಳೆಲ್ಲ ಧಾರವಾಡ, ಬೆಳಗಾವಿ ಕಡೆಯಿಂದ ಕಾಗದದ ಗಿರಣಿಯ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದ ಮನೆತನದವರು. ಅವರು ಸ್ಟುಡಿಯೋಕ್ಕೆ ಬರುತ್ತಿದ್ದದ್ದು ತಾವು ಹೇಗಿದ್ದೇವೆಂದು ನೋಡಿಕೊಳ್ಳಲು ಅಲ್ಲ. ಅದಕ್ಕೆ ಮನೆಯಲ್ಲಿ ಕನ್ನಡಿ ಇರುತ್ತಿತ್ತು. ಹೇಗಿರಬೇಕಾಗಿತ್ತೋ ಅದನ್ನು ನೋಡಲು ಬರುತ್ತಿದ್ದರು. ಹೀಗಾಗಿ ನಾನು ಒಂದು ನೀಲಿ ಕೋಟು ಇಟ್ಟಿದ್ದೆ. ದಪ್ಪಗಿದ್ದವರಿಗೆ ಬೆನ್ನಿನಲ್ಲಿ ಹೊಲಿಗೆ ಬಿಚ್ಚುತ್ತಿದ್ದೆ, ತೆಳ್ಳಗಿದ್ದವರಿಗೆ ಬಟ್ಟೆ ಒಣಹಾಕುವ ಚಿಮಟಿಗೆ ಹಾಕುತ್ತಿದ್ದೆ. ದಾಂಡೇಲಿಯ ಒಂದು ತಲೆಮಾರಿನ ಗಂಡುಮಕ್ಕಳೆಲ್ಲ ಆ ಒಂದೇ ಕೋಟಿನಲ್ಲಿ ಲಗ್ನವಾಗಿದ್ದಾರೆ. ಮೆಳ್ಳಗಣ್ಣು ನೆಟ್ಟಗೆ ಮಾಡಿದ್ದೇನೆ, ಬೋಳುತಲೆಗೆ ಕ್ರಾಪು ಬೆಳೆಸಿದ್ದೇನೆ. ತೀರಿಕೊಂಡವರ ಕಡೆಯ ಫೋಟೋ ತೆಗೆದು, ಗೋಡೆಗೆ ಹಾಕಲು ಯೋಗ್ಯವಾಗುವಂತೆ ಬ್ರಷ್ಷಿನಿಂದ ಕಣ್ಣು ತೆರೆಸುವುದರಲ್ಲಿ ನನಗೆ ಸುತ್ತಮುತ್ತ ಹೆಸರಿತ್ತು. ಹಾಗೆ ಕಣ್ಣು ತೆರೆಸಿಕೊಟ್ಟ ಒಂದು ಫೋಟೋ ನೋಡಿ ತೀರಿಕೊಂಡವರ ಹೆಂಡತಿ, "ಇಷ್ಟ ಅಗಲ ಕಣ್ಣ ಬಿಟ್ಟು ಒಮ್ಮೆನೂ ನನ್ನ ನೋಡಿದ್ದಿಲ್ಲ ಬಿಡ್ರಿ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದರು. ಇರುವುದನ್ನು ತೆಗೆಯುವುದು, ಇಲ್ಲದ್ದನ್ನು ಹಚ್ಚುವುದು: ಇದು ನನ್ನ ಕಸುಬು. ಇದನ್ನು ನಾನು ದೊಡ್ಡ ಪುಣ್ಯವೆಂದೇ ತಿಳಿದಿದ್ದೆ.

ಮೊಬೈಲು ಬಂದ ಮೇಲೆ ಸ್ಟುಡಿಯೋದಲ್ಲಿ ಉಳಿದದ್ದು ನಾನು ಮತ್ತು ಕೋಟು ಮಾತ್ರ. ಆಗ ಹುಬ್ಬಳ್ಳಿಯ ಒಂದು ವಾರಪತ್ರಿಕೆಯವರು ಕರೆದರು. ನಮ್ಮ ಕಡೆಯ ಸಾಮಾನ್ಯ ಜನರ ಬಗ್ಗೆ ವಾರಕ್ಕೊಂದು ಲೇಖನ. ಬರೆಯಲು ಅವರ ವರದಿಗಾರ, ಫೋಟೋಕ್ಕೆ ನಾನು. ಸಂಪಾದಕರು ಫೋನಿನಲ್ಲಿ, "ಕಾಕಾ, ಸ್ಟುಡಿಯೋದಾಗ ಬ್ಯಾಡ್ರಿ. ಲೊಕೇಶನ್‌ದಾಗ ತಗೀರಿ. ಮನಷ್ಯಾ ಹೆಂಗ ಇರತಾನ ಹಂಗ ಬರಬೇಕು" ಎಂದರು. ಮನುಷ್ಯ ಇದ್ದ ಹಾಗೆ ಬರಬೇಕಾದರೆ ಫೋಟೋಗ್ರಾಫರ್ ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ. ಆದರೂ ಹೂಂ ಎಂದೆ. ಮೊದಲನೆಯ ಫೋಟೋ ಹಳಿಯಾಳದ ಒಬ್ಬ ಮೆಕ್ಯಾನಿಕ್ ಭಾಯಿಯದು. ಅವರ ಗ್ಯಾರೇಜಿನಲ್ಲಿ ಎಣ್ಣೆ, ಮಸಿ ತುಂಬಿತ್ತು. ನಾನು ಅರ್ಧ ದಿನ ಗುಡಿಸಿ ಒರೆಸಿ, ಅವರಿಗೆ ಬಿಳಿ ಅಂಗಿ ತೊಡಿಸಿ, ಕೈಯಲ್ಲಿ ನಟ್ಟು ತಿರುವುವ ಫಳಫಳ ಹೊಳೆಯುವ ಹೊಸ ಪಾನಾ ಹಿಡಿಸಿ ಫೋಟೋ ಕಳಿಸಿದೆ. ಸಂಪಾದಕರು ಫೋನ್ ಮಾಡಿ, "ಕಾಕಾ, ಹಲ್ಲಿನ ಡಾಕ್ಟರ್ ಫೋಟೋ ಯಾಕ ಕಳಿಸೀರಿ?" ಎಂದು ಕೇಳಿದರು.

ಇಷ್ಟಕ್ಕೇ ನಾನು ಎಚ್ಚರಾಗಬೇಕಾಗಿತ್ತು. ಆಗಲಿಲ್ಲ. ಎರಡನೆಯ ಕೆಲಸ ಬಂದದ್ದು ಹಳಿಯಾಳದ ಪೇಟಿ ಮಾಸ್ತರರದು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಮಾಸ್ತರರಿಗೆ ಎಪ್ಪತ್ತು ದಾಟಿತ್ತು. ವಾರಕ್ಕೆ ಮೂರು ದಿನ ಎರಡು ಬಸ್ಸು ಬದಲಿಸಿ ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಹೋಗಿ ಅಲ್ಲಿಯ ಭಜನಾ ಮೇಳದ ಒಂಬತ್ತು ಮಂದಿಗೆ ಪೇಟಿ ಕಲಿಸುತ್ತಿದ್ದರು. ಚಿಗಳ್ಳಿ ಅವರ ಹುಟ್ಟೂರು. ಹನ್ನೆರಡು ವರ್ಷದ ಹುಡುಗನಿದ್ದಾಗ ಅಲ್ಲಿಯೇ ಮನೆಯ ಕಬ್ಬಿನ ಗಾಣದಲ್ಲಿ ಅವರ ಬಲಗೈಯ ಕಡೆಯ ಎರಡು ಬೆರಳು ಹೋಗಿದ್ದವು. ಉಳಿದ ಮೂರರಲ್ಲೇ ಅವರು ಪೇಟಿ ಕಲಿತರು. ಆ ಕೈಯ ಮೇಲೆ ಅಂಗವಿಕಲರ ಬಸ್ ಪಾಸು ಇತ್ತು. ಆ ಪಾಸು ಇದ್ದುದರಿಂದಲೇ ಚಿಗಳ್ಳಿಯ ಪಾಠ ನಡೆದಿತ್ತು, ಯಾಕೆಂದರೆ ಮಾಸ್ತರರು ಕಲಿಸಿದ್ದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಇಷ್ಟೆಲ್ಲ ಲೇಖನದಲ್ಲಿ ಇತ್ತು. ಆದರೆ ಲೇಖನ ಇದ್ದದ್ದು ಹುಬ್ಬಳ್ಳಿಯಲ್ಲಿ. ನನಗೆ ಸಂಪಾದಕರು ಹೇಳಿದ್ದು ಇಷ್ಟೇ: "ಕೈ ಮುಖ್ಯ ನೋಡ್ರಿ ಕಾಕಾ. ಕೈ ಎದ್ದು ಕಾಣಬೇಕು."

ಮಾಸ್ತರರ ಮನೆ ಎರಡೇ ಖೋಲಿಯದು. ರಿಪೇರಿಗೆ ಬಂದ ಪೇಟಿಗಳು ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು ಕೂತಿದ್ದವು. ಈಗ ತಿಳಿಯುತ್ತದೆ, ಫೋಟೋ ಅಲ್ಲಿಯೇ ಇತ್ತು. ಆದರೆ ಲೊಕೇಶನ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಈಗಿನ ಜೋಡಿಗಳು ಲಗ್ನಕ್ಕೆ ಮುಂಚೆ ಗಣೇಶಗುಡಿಯ ಹೊಳೆಯಲ್ಲಿ ಬಂಡೆಯ ಮೇಲೆ ನಿಂತು, ಮುಗಿಲು ನೋಡುತ್ತ ತೆಗೆಸಿಕೊಳ್ಳುತ್ತಾರಲ್ಲ, ಅದು. ಮರುದಿನವೇ ಮಾಸ್ತರರನ್ನೂ ಪೇಟಿಯನ್ನೂ ನೀಲಿ ಕೋಟನ್ನೂ ಟೆಂಪೋದಲ್ಲಿ ಹಾಕಿಕೊಂಡು ಗಣೇಶಗುಡಿಗೆ ಹೋದೆ. ಮಾಸ್ತರರು ದಾರಿಯಲ್ಲಿ ಒಮ್ಮೆ ಮಾತ್ರ, "ಪೇಟಿ ನುಡಿಸಾಕ ಹೊಳಿ ಯಾಕ ಬೇಕ್ರಿ?" ಎಂದು ಕೇಳಿದರು. ನಾನು, "ಬೆಳಕು, ಮಾಸ್ತರ, ಬೆಳಕು" ಎಂದೆ. ಫೋಟೋದವನು ಬೆಳಕು ಎಂದುಬಿಟ್ಟರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಹೊಳೆಯ ದಂಡೆಯಲ್ಲಿ ಒಬ್ಬ ಅರಣ್ಯ ಗಾರ್ಡ್ ನಮ್ಮನ್ನು ತಡೆದ. ಕೋಟು ಹಾಕಿಕೊಂಡ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದ.

"ಲಗ್ನದ ಫೋಟೋ ಏನ್ರಿ? ಮದಿಮಗಳು ಎಲ್ಲಿ?"

"ಮನ್ಯಾಗ ರೊಟ್ಟಿ ಬಡಿಯಾಕತ್ತಾಳ್ರಿ" ಎಂದರು ಮಾಸ್ತರರು. "ಐವತ್ತ ವರ್ಷ ಆತು ಬಡಿಯಾಕತ್ತು."

ಗಾರ್ಡ್ ನಕ್ಕು ಬಿಟ್ಟುಬಿಟ್ಟ. ಆದರೆ, "ಲಗೂನ ಮುಗಸ್ರಿ, ಮ್ಯಾಲಿಂದ ನೀರು ಬಿಡೂ ಹೊತ್ತಾತು" ಎಂದು ಎರಡು ಸಲ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಕಾಲು ಮುಳುಗುವಷ್ಟು ನೀರಿನಲ್ಲಿ ಮಾಸ್ತರರನ್ನು ನಡೆಸಿ ನಡುವಿನ ಬಂಡೆಯ ಮೇಲೆ ಕೂಡಿಸಿದೆ. ಬೆನ್ನಿಗೆ ನಾಲ್ಕು ಚಿಮಟಿಗೆ ಹಾಕಿದೆ. ಗದ್ದ ಎತ್ತಿಸಿದೆ. ದೂರದ ಗುಡ್ಡದಲ್ಲಿ ಯಾರೋ ಕಳೆದುಹೋದವರನ್ನು ಹುಡುಕುವ ಹಾಗೆ ನೋಡಲು ಹೇಳಿದೆ. "ಯಾರನ್ನ ಹುಡಕಲಿ?" ಎಂದರು. "ಯಾರನ್ನಾರೆ" ಎಂದೆ. ಅವರು ಸ್ವಲ್ಪ ಹೊತ್ತು ಹುಡುಕಿ, ಬೇಸರವಾಗಿ, ಪೇಟಿ ತೆರೆದು ಒಂದು ವಚನ ಹಚ್ಚಿಯೇಬಿಟ್ಟರು. ಅಷ್ಟರಲ್ಲಿ ಬೆಳಗಾವಿ ಕಡೆಯ ಪ್ರವಾಸಿಗಳನ್ನು ತುಂಬಿಕೊಂಡ ರಬ್ಬರ್ ದೋಣಿಯೊಂದು ಬಂತು. ತಲೆಗೆ ಹೆಲ್ಮೆಟ್ ಹಾಕಿಕೊಂಡ ಏಳು ಮಂದಿ, "ಆಜೋಬಾ, ಆಜೋಬಾ, ಇನ್ನೊಂದು!" ಎಂದು ಮರಾಠಿಯಲ್ಲಿ ಅಜ್ಜನನ್ನು ಕೂಗುತ್ತ ಬಂಡೆಯನ್ನು ಸುತ್ತತೊಡಗಿದರು. ಮಾಸ್ತರರಿಗೆ ಹುರುಪು ಬಂತು. ನನಗೂ ಬಂತು. ಆ ಹುರುಪಿನಲ್ಲಿ ನೀರು ಮೊಳಕಾಲಿನವರೆಗೆ ಏರಿದ್ದು ನನಗೆ ತಿಳಿದದ್ದು ನನ್ನ ಚಪ್ಪಲಿ ಜೋಯಿಡಾದ ಕಡೆಯಿಂದ ದಾಂಡೇಲಿಯ ಕಡೆಗೆ ತಾನೇ ಹೊರಟು ಹೋದಾಗ.

ದೋಣಿಯವರು ದೋಣಿಯನ್ನು ಬಂಡೆಗೆ ಹಚ್ಚಿ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನ ಲೈಫ್ ಜಾಕೆಟ್ ಇದ್ದದ್ದು ಒಂದೇ. "ಅಜ್ಜಾರ, ಹಾಕ್ಕೋರಿ" ಎಂದು ದೋಣಿಯ ಹುಡುಗ ಚಾಚಿದ. ಮಾಸ್ತರರು, "ಪೇಟಿಗೆ ಹಾಕಪಾ. ನನಗ ಈಸು ಬರತೈತಿ, ಅದಕ್ಕ ಬರೂದಿಲ್ಲ" ಎಂದರು. ಹೀಗೆ ಕಾಳಿ ನದಿಯಲ್ಲಿ ಕೇಸರಿ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಎದೆಯ ಮೇಲೆ ಬಕಲ್ ಬಿಗಿಸಿಕೊಂಡು, ದೋಣಿಯ ನಡುಮಧ್ಯೆ ಗಂಭೀರವಾಗಿ ಕೂತು ಒಂದು ಪೇಟಿ ದಂಡೆ ಸೇರಿತು. ನಾನು ಮತ್ತು ಮಾಸ್ತರರು ಎರಡೂ ಕಡೆ ದೋಣಿಯ ಹಗ್ಗ ಹಿಡಿದುಕೊಂಡು ಅದರ ಪರಿವಾರದವರ ಹಾಗೆ ಬಂದೆವು. ಕೋಟಿನಿಂದ ನೀರು ಹಿಂಡುತ್ತ ಮಾಸ್ತರರು, "ಛಲೋ ಬೆಳಕು ಐತ್ರಿ ಇಲ್ಲಿ" ಎಂದರು.

ರಾತ್ರಿ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮೇಲೆ ಫೋಟೋಗಳನ್ನು ನೋಡಿದೆ. ಒಂದು ಬಹಳ ಚೆನ್ನಾಗಿತ್ತು. ನೀರು, ಬಂಡೆ, ಹಾಡಿನಲ್ಲಿ ಕಣ್ಣು ಮುಚ್ಚಿದ ಮುಖ, ಪೇಟಿಯ ಕರಿ ಬಿಳಿ ಮನೆಗಳ ಮೇಲೆ ಬಲಗೈ. ಕೈ ಎದ್ದು ಕಾಣುತ್ತಿತ್ತು. ಮೂರೇ ಬೆರಳು ಎದ್ದು ಕಾಣುತ್ತಿದ್ದವು. ನೀವು ನಂಬಲಿಕ್ಕಿಲ್ಲ, ನನಗೆ ಒಂದು ಕ್ಷಣವೂ ಬೇರೆ ವಿಚಾರ ಬರಲಿಲ್ಲ. ಕೈ ಮುಖ್ಯ ಎಂದಿದ್ದಾರೆ. ಕೈಯಲ್ಲಿ ಎರಡು ಬೆರಳು ಕಡಿಮೆ ಇವೆ. ಪಾಪ, ಪತ್ರಿಕೆಯಲ್ಲಿ ಬರುವ ಫೋಟೋ. ನನ್ನ ಬಲಗೈಯನ್ನೇ ಮೇಜಿನ ಮೇಲೆ ಪೇಟಿ ನುಡಿಸುವ ಹಾಗೆ ಇಟ್ಟು, ಎಡಗೈಯಿಂದ ಫೋಟೋ ತೆಗೆದು, ಅದರ ಕಡೆಯ ಎರಡು ಬೆರಳು ಕತ್ತರಿಸಿ ಮಾಸ್ತರರಿಗೆ ಹಚ್ಚಿದೆ. ಉಂಗುರದ ಬೆರಳಿನಲ್ಲಿ ನನ್ನ ಹವಳದ ಉಂಗುರವಿತ್ತು. ಅದು ಮೂವತ್ತು ವರ್ಷದಿಂದ ಬಿಚ್ಚಿ ಬಂದಿಲ್ಲ, ಫೋಟೋದಿಂದಲೂ ಬಿಚ್ಚಲು ನನಗೆ ಸಾಧ್ಯವಾಗಲಿಲ್ಲ. ಇರಲಿ, ಶೋಭೆ ಎಂದು ಬಿಟ್ಟೆ. ಒಬ್ಬ ಬಡ ಕಲಾವಿದನಿಗೆ ಒಂದೇ ರಾತ್ರಿಯಲ್ಲಿ ಎರಡು ಬೆರಳು, ಒಂದು ಉಂಗುರ ದಾನ ಮಾಡಿದ ಸಮಾಧಾನದಲ್ಲಿ ಚೆನ್ನಾಗಿ ನಿದ್ದೆ ಬಂತು.

ಪತ್ರಿಕೆ ಬಂತು. ಮೇಲೆ ದೊಡ್ಡ ಅಕ್ಷರದಲ್ಲಿ "ಮೂರು ಬೆರಳಿನ ಮಾಸ್ತರ" ಎಂದಿತ್ತು. ಕೆಳಗೆ ಪುಟದ ಅಗಲಕ್ಕೆ ಐದು ಬೆರಳು ಇದ್ದವು. ಸಂಪಾದಕರು ಫೋನ್ ಮಾಡಿದರು. ತಲೆಬರಹವನ್ನು ನನಗೆ ಎರಡು ಸಲ ಓದಿ ಹೇಳಿದರು. ಕಡೆಗೆ, "ಕಾಕಾ, ನಿಮಗ ಎಣಸಾಕ ಬರತೈತಿಲ್ಲೋ?" ಎಂದು ಕೇಳಿ ಇಟ್ಟುಬಿಟ್ಟರು. ಓದುಗರ ಪತ್ರಗಳು ಬಂದವಂತೆ. ಯಾರೋ ಒಬ್ಬರು, ಮಾಸ್ತರರ ಸಂಗೀತ ಸಾಧನೆಯಿಂದ ಬೆರಳು ಮರಳಿ ಬೆಳೆದದ್ದು ಸಂತೋಷದ ಸಂಗತಿ ಎಂದು ಬರೆದಿದ್ದರಂತೆ.

ನಾನು ಅಂಜುತ್ತಲೇ ಹಳಿಯಾಳಕ್ಕೆ ಹೋದೆ. ಮಾಸ್ತರರ ಹೆಂಡತಿ ಪತ್ರಿಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಬೆರಳಿನ ಸುದ್ದಿಯೇ ಅವರಿಗೆ ಬೇಕಾಗಿರಲಿಲ್ಲ. "ಈ ಉಂಗುರ ಯಾವಾಗ ಮಾಡಿಸ್ಕೊಂಡ್ರು, ಕೇಳ್ರಿ ಅವರನ್ನ. ನನಗ ಒಂದ ಮೂಗಬಟ್ಟು ಮಾಡಸ್ರಿ ಅಂದ್ರ ಐವತ್ತ ವರ್ಷ ಇಲ್ಲ ಅಂದಾರ!" ಮಾಸ್ತರರು ಒಳಗೆ ಕೂತು ನಗುತ್ತಿದ್ದರು. ಫೋಟೋದಲ್ಲಿಯ ಆ ಎರಡು ಬೆರಳುಗಳ ಮೇಲೆ ತಮ್ಮ ಕೈ ಆಡಿಸಿ, "ಅರವತ್ತ ವರ್ಷ ಆತ್ರಿ ಇವನ್ನ ನೋಡಲಾರದ. ಭಾಳ ದೊಡ್ಡವು ಆಗ್ಯಾವ" ಎಂದರು. ಸಿಟ್ಟು ಇರಲಿಲ್ಲ. ನಾನು ಚಹಾ ಕುಡಿದು ಹಗುರವಾಗಿ ಬಂದೆ. ಕ್ಷಮೆ ಕೇಳಲು ಇದ್ದ ಮೊದಲನೆಯ ಒಳ್ಳೆಯ ಅವಕಾಶ ಹಾಗೆ ಹೋಯಿತು.

ಮುಂದಿನ ತಿಂಗಳು ಮಾಸ್ತರರು ಪಾಸು ನವೀಕರಿಸಲು ಪಾಸಿನ ಕಚೇರಿಗೆ ಹೋದರು. ಪತ್ರಿಕೆ ಚೀಲದಲ್ಲೇ ಇತ್ತು, ಯಾವಾಗಲೂ ಇರುತ್ತಿತ್ತು. ಹೆಮ್ಮೆಯಿಂದ ಕಿಟಕಿಯಲ್ಲಿಯ ಗುಮಾಸ್ತನಿಗೂ ತೋರಿಸಿದರು. ಗುಮಾಸ್ತ ಓದಿದ. ಎಣಿಸಿದ. ಮತ್ತೊಮ್ಮೆ ಎಣಿಸಿದ. ಆ ಪುಟವನ್ನು ಹರಿದು ಫೈಲಿಗೆ ಹಚ್ಚಿ, ಪಾಸು ಕೊಡದೆ ಕಳಿಸಿದ. ಫೋಟೋ ತೆಗೆದವನು ಬಂದು ಸಾಹೇಬರ ಮುಂದೆ ಬರೆದುಕೊಡಬೇಕೆಂದು ಅಪ್ಪಣೆಯಾಯಿತು. ಮಾಸ್ತರರು ನನ್ನ ಸ್ಟುಡಿಯೋಕ್ಕೆ ಬಂದರು. "ಒಂದ ಮಾತು ಹೇಳಿದ್ರ ಮುಗೀತ್ರಿ. ಚಿಗಳ್ಳ್ಯಾಗ ಹುಡುಗ್ರು ಕಾಯಾಕತ್ತಾರ. ಭೈರವಿ ಅರ್ಧಕ್ಕ ನಿಂತೈತಿ."

ಒಂದೇ ಮಾತು. ಆದರೆ ಆ ಮಾತು ಹೇಳಿದರೆ ನನ್ನ ಗತಿಯೇನು? ಅರ್ಧ ತಾಲೂಕಿನ ಗುರುತಿನ ಚೀಟಿಗಳ ಮೇಲೆ ಇರುವುದು ನಾನು ತೆಗೆದ ಫೋಟೋಗಳು. ಇವನು ಬೆರಳು ಹಚ್ಚುವವನು ಎಂದು ಒಮ್ಮೆ ಕಾಗದದ ಮೇಲೆ ಬಂದರೆ, ನಾಳೆ ಇವನು ಯಾರಿಗೆ ಯಾರ ಮೂಗು ಹಚ್ಚಿದ್ದಾನೋ ಎಂದು ಕೇಳುವುದಿಲ್ಲವೇ? ಮೇಲಾಗಿ ಉಂಗುರ. ಅದು ಫೈಲಿನಲ್ಲೂ ಇತ್ತು, ನನ್ನ ಕೈಯಲ್ಲೂ ಇತ್ತು. ಯೋಚಿಸಿ ಯೋಚಿಸಿ, ಹೋಗುವ ದಿನ ಬೆಳಿಗ್ಗೆ ಆ ಎರಡೂ ಬೆರಳಿಗೆ ದಪ್ಪಗೆ ಬ್ಯಾಂಡೇಜು ಸುತ್ತಿಕೊಂಡೆ. ಬಾಗಿಲ ಸಂದಿನಲ್ಲಿ ಸಿಕ್ಕವೆಂದು ಹೇಳುವುದು ಎಂದು ಗಟ್ಟಿ ಮಾಡಿದೆ.

ಬಸ್ಸಿನಲ್ಲಿ ಮಾಸ್ತರರು ಬ್ಯಾಂಡೇಜು ನೋಡಿ ನನಗಿಂತ ಹೆಚ್ಚು ಗಾಬರಿಯಾದರು. "ಅಯ್ಯಯ್ಯ, ಅವೇ ಎರಡೂ ಏನ್ರಿ!" ಎಂದು ಹತ್ತಿರ ಸರಿದು ಕೂತರು. ನನ್ನ ಕೈ ಕಿಸೆಯೊಳಗೆ ಹೋಗುವುದಿಲ್ಲವೆಂದು ನನ್ನ ಟಿಕೀಟನ್ನೂ ತಾವೇ ತೆಗೆಸಿದರು. ಆಮೇಲೆ ದಾರಿಯುದ್ದಕ್ಕೂ ನನಗೆ ಮೂರು ಬೆರಳಿನಲ್ಲಿ ಬಾಳುವ ಪಾಠ ಹೇಳಿಕೊಟ್ಟರು. ಅಂಗಿಯ ಗುಂಡಿ ಮೇಲಿನಿಂದಲ್ಲ, ಕೆಳಗಿನಿಂದ ಹಾಕಬೇಕು. ರೊಟ್ಟಿ ಮುರಿಯುವಾಗ ಹೆಬ್ಬೆರಳು ಮುಂದೆ ಇರಬೇಕು. ಲೋಟ ಹೀಗೆ, ಲಾಡಿ ಹೀಗೆ. ನನ್ನ ಕೈ ಹಿಡಿದು ಅಭ್ಯಾಸ ಮಾಡಿಸಿದರು. "ಮದಲ ತಿಂಗಳ ತ್ರಾಸ ಆಗತೈತ್ರಿ. ಆಮ್ಯಾಲ ದೇವರು ಐದ ಯಾಕ ಕೊಟ್ಟಿದ್ದ ಅನಸತೈತಿ" ಎಂದು ಬೆನ್ನು ತಟ್ಟಿದರು. ಹಿಂದಿನ ಸೀಟಿನ ಒಬ್ಬ ಅಮ್ಮ ನನಗಾಗಿ ಕಣ್ಣೀರು ಹಾಕಿ ಒಂದು ಬಾಳೆಹಣ್ಣು ಕೊಟ್ಟರು. ನಾನು ಅದನ್ನು ಮೂರು ಬೆರಳಿನಲ್ಲಿ ಸುಲಿದು ತಿಂದೆ. ಮಾಸ್ತರರು, "ಶಾಣ್ಯಾ ಅದೀರಿ" ಎಂದರು.

ಸಾಹೇಬರು ಸಜ್ಜನರು. ಅದೇ ತೊಂದರೆ. ಫೈಲ್ ತೆರೆದು, "ಅಜ್ಜಾರ, ಇಲ್ಲಿ ಐದ ಅದಾವಲ್ರಿ" ಎಂದರು.

ಮಾಸ್ತರರು ಕೈಯನ್ನು ಮೇಜಿನ ಮೇಲೆ ಇಟ್ಟರು. "ಇಲ್ಲಿ ಮೂರ ಅದಾವ್ರಿ ಸಾಹೇಬ್ರ."

"ಅದು ನನಗೂ ಕಾಣತೈತಿ. ಆದ್ರ ಇದು ಪ್ರಿಂಟ್ ಆಗೇತಿ. ಕೈ ನೀವು ಮನಿಗೆ ತಗೊಂಡ ಹೋಗ್ತೀರಿ. ಫೈಲ್‌ನ್ಯಾಗ ಉಳಿಯೂದು ಈ ಕಾಗದ. ನಾಳೆ ಮ್ಯಾಲಿನವರು ಬಂದು ಎಣಿಸಿದ್ರ ನಾನು ಏನು ತೋರಿಸ್ಲಿ?" ಆಮೇಲೆ ನನ್ನ ಕಡೆ ತಿರುಗಿದರು. "ನೀವು ಹೇಳ್ರಿ. ಈ ಬೆರಳು ಯಾರವು? ಯಾಕ ಹಚ್ಚಿದ್ರಿ?"

ನನ್ನ ಬಾಯಲ್ಲಿ ಮಾತು ತಯಾರಿತ್ತು. ತಪ್ಪು ನನ್ನದು, ಬೆರಳೂ ನನ್ನವು, ಇವರಿಗೆ ಏನೂ ಗೊತ್ತಿಲ್ಲ. ಬಸ್ಸಿನಲ್ಲಿ ಬಾಳೆಹಣ್ಣು ತಿನ್ನುತ್ತ ಇದನ್ನೇ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆದೆ. ಹೊರಗೆ ಬಂದದ್ದು, "ಇವರೇ ಹೇಳಿದ್ರು ಸಾಹೇಬ್ರ, ಹಚ್ಚರಿ ಅಂತ."

ಮಾಸ್ತರರು ನನ್ನನ್ನು ನೋಡಿದರು. ಮುಖ ನೋಡಲಿಲ್ಲ, ಬ್ಯಾಂಡೇಜು ನೋಡಿದರು. ಆಮೇಲೆ ಸಾಹೇಬರ ಕಡೆ ತಿರುಗಿದರು.

"ಹೌದ್ರಿ ಸಾಹೇಬ್ರ. ನಾನ ಹೇಳಿದ್ದೆ. ವಯಸ್ಸಾತಲ್ರಿ, ಒಂದ ಸಲ ಚೈನಿ ಮಾಡೂಣು ಅನಿಸ್ತು."

"ಈ ವಯಸ್ಸಿನ್ಯಾಗ ಏನ ಚೈನಿರೀ ಅಜ್ಜಾರ! ಅದರ ಮ್ಯಾಲ ಉಂಗುರ ಬ್ಯಾರೆ!" ಎಂದು ಸಾಹೇಬರು ನಕ್ಕರು. ನಕ್ಕು, ಮತ್ತೆ ವೈದ್ಯರ ಮುಂದೆ ಹೋಗಿ ಹೊಸ ಸರ್ಟಿಫಿಕೇಟ್ ತರಬೇಕು, ಅಲ್ಲಿಯವರೆಗೆ ಪಾಸು ಇಲ್ಲ ಎಂದು ಬರೆದರು. ಮಾಸ್ತರರು ಮೂರು ಬೆರಳಿನಲ್ಲಿ ಮುತ್ತಿನಂಥ ಸಹಿ ಮಾಡಿದರು. ನಾನು ಐದು ಬೆರಳು ಇಟ್ಟುಕೊಂಡು, ಮೂರರಲ್ಲಿ ಗೀಚಿದೆ. ಸಾಹೇಬರು ಕನಿಕರದಿಂದ, "ನಿಮಗೂ ಒಂದ ಅರ್ಜಿ ಕೊಡಲೇನ್ರಿ?" ಎಂದು ಕೇಳಿದರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಮಾಸ್ತರರು ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, "ಬಿಚ್ಚೂಣ್ರಿ ಇನ್ನ. ಗಾಳಿ ಆಡಲಿ" ಎಂದು ಬ್ಯಾಂಡೇಜು ಬಿಚ್ಚತೊಡಗಿದರು. ಸುತ್ತು ಸುತ್ತು ಬಿಚ್ಚಿದರು. ಒಳಗಿಂದ ಹವಳದ ಉಂಗುರ, ಎರಡು ಗಟ್ಟಿಮುಟ್ಟಾದ ಬೆರಳು ಹೊರಬಂದವು. ಮಾಸ್ತರರು ಅವನ್ನು ಒಂದೊಂದಾಗಿ ಹಿಡಿದು ಮಡಿಸಿ, ಚಾಚಿ, ಪೇಟಿಯ ಮನೆ ಒತ್ತಿ ನೋಡುವ ಹಾಗೆ ನೋಡಿದರು.

"ಇವೇ ಏನ್ರಿ ನನ್ನವು?"

ನಾನು, "ಬಸ್ ಬಂತ್ರಿ" ಎಂದೆ. ಬಸ್ಸು ಬಂದಿರಲಿಲ್ಲ.

ಸರ್ಟಿಫಿಕೇಟ್ ಬರಲು ಮೂರು ತಿಂಗಳು ಹಿಡಿಯಿತು. ಬೆರಳು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅಷ್ಟು ದಿನ ಬೇಕಾಗುತ್ತದಂತೆ. ಅಷ್ಟರಲ್ಲಿ ಚಿಗಳ್ಳಿಯ ಮೇಳದವರು ಹಾಡುಗಳನ್ನು ಮೊಬೈಲಿಗೆ ಇಳಿಸಿಕೊಂಡು ದೊಡ್ಡದೊಂದು ಸ್ಪೀಕರ್ ತಂದರು. ಈಗ ಮಾಸ್ತರರು ಪಾಸು ತೋರಿಸಿ ಎರಡು ಬಸ್ಸು ಬದಲಿಸಿ ಹೋದರೆ, ಒಂಬತ್ತರಲ್ಲಿ ಇಬ್ಬರು ಬಂದು ಕೂಡುತ್ತಾರೆ. ಇಬ್ಬರಿಗೂ ಅವರು ಅಷ್ಟೇ ಹೊತ್ತು ಕಲಿಸುತ್ತಾರಂತೆ.

ಇದಾದ ಮೇಲೆ ನಾನು ಬಹಳ ಜನರ ಕ್ಷಮೆ ಕೇಳಿದ್ದೇನೆ. ಸಂಪಾದಕರಿಗೆ ಪತ್ರ ಬರೆದು ಕೇಳಿದೆ. ಮೆಕ್ಯಾನಿಕ್ ಭಾಯಿಯನ್ನು ಕೇಳಿದೆ. ಅವರು ಅಂದು ಗುಡಿಸಿದಾಗ ಕಳೆದ ನಟ್ಟುಬೋಲ್ಟು ಹುಡುಕಿಕೊಡಿ ಸಾಕು ಎಂದರು. ಗಣೇಶಗುಡಿಗೆ ಹೋಗಿ ಆ ಗಾರ್ಡ್‌ನನ್ನು ಹುಡುಕಿ ಕೇಳಿದೆ. ಅವನಿಗೆ ನನ್ನ ಗುರುತೇ ಹತ್ತಲಿಲ್ಲ. ಹೀಗೆ ಸುತ್ತಲಿನವರನ್ನೆಲ್ಲ ಕೇಳಿ ಮುಗಿಸಿದೆ. ಹಳಿಯಾಳದ ಆ ಮನೆಯ ಮುಂದೆ ಎಷ್ಟೋ ಸಲ ಇಳಿದಿದ್ದೇನೆ. ಒಳಗಿಂದ ಪೇಟಿಯ ಸ್ವರ ಕೇಳುತ್ತದೆ, ಹಾಡು ಮುಗಿಯಲಿ ಎಂದು ನಿಲ್ಲುತ್ತೇನೆ, ಮುಗಿಯುವುದರೊಳಗೆ ಬಸ್ಸು ಬರುತ್ತದೆ. ಹೀಗಾಗಿ ಎದುರು ನಿಂತು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ, ಅವರೇ ಓದಿಕೊಂಡರೆ ನನಗೆ ಹೋಗುವ ತ್ರಾಸು ತಪ್ಪುತ್ತದೆ ಎಂಬ ಲೆಕ್ಕಾಚಾರದಲ್ಲಿ. ನೋಡಿ, ಈಗಲೂ ಬುದ್ಧಿ ಬಂದಿಲ್ಲ. ಇಡೀ ಬರಹದಲ್ಲಿ ಅವರ ಹೆಸರನ್ನೂ ಹೇಳದೆ ದಾಟಿಸಿಬಿಡುತ್ತಿದ್ದೆ. ಪತ್ರಿಕೆಯಲ್ಲಿ ಫೋಟೋದ ಕೆಳಗೆ ನನ್ನ ಹೆಸರು ಪೂರಾ ಬಂದಿತ್ತು, ಅವರದು ಬರೀ "ಪೇಟಿ ಮಾಸ್ತರ" ಎಂದಿತ್ತು, ಲೇಖನದಲ್ಲೂ ಊರವರು ಕರೆಯುವ ಹಾಗೆ ಮಾಸ್ತರ ಎಂದಷ್ಟೇ ಇತ್ತು, ಫೋಟೋದ ಜತೆ ಹೆಸರು ಕಳಿಸಬೇಕಾದ ನಾನು ಕೇಳಿಯೇ ಇರಲಿಲ್ಲ. ಅವರ ಹೆಸರು ನನಗೆ ತಿಳಿದದ್ದು ಅಂದು ಆ ಕಚೇರಿಯಲ್ಲಿ, ನನ್ನ ಸುಳ್ಳಿನ ಕೆಳಗೆ ಅವರು ಮಾಡಿದ ಸಹಿಯನ್ನು ಓದಿದಾಗ: ಚನ್ನಬಸಪ್ಪ ಸಿದ್ದಪ್ಪ ಬೆಳವಟಗಿ.